ಬೈಕ್ ಟ್ಯಾಂಕಿಗೆ ಗುಳ್ಳೆ ಬಾರದಂತೆ ಸ್ಟಿಕರ್ ಅಂಟಿಸಿದ್ದು

ಟ್ಯಾಂಕಿಗೆ ಅಂಗೈಗಿಂತ ದೊಡ್ಡ ವಿನೈಲ್ ಸ್ಟಿಕರ್ ಅಂಟಿಸಿದಾಗಲೆಲ್ಲ ನಡುವೆ ಗಾಳಿಗುಳ್ಳೆ, ಬಾಗಿದ ಕಡೆ ಸುಕ್ಕು. ಎರಡೇ ದಿನಕ್ಕೆ ಅಂಚು ಏಳುತ್ತಿತ್ತು. ಮೂರು ಸ್ಟಿಕರ್ ಹಾಳಾದವು.

ಸೂಜಿಯಿಂದ ಚುಚ್ಚಿದೆ. ಸಣ್ಣ ಗುಳ್ಳೆ ಹೋಯಿತು, ದೊಡ್ಡದು ಸುಕ್ಕಾಯಿತು. ಬಿಸಿಲಲ್ಲಿ ಅಂಟಿಸಿದರೆ ಅಂಟು ತಕ್ಷಣ ಹಿಡಿದುಬಿಡುತ್ತದೆ, ಸರಿಸಲು ಆಗುವುದಿಲ್ಲ. ಮೊದಲು ಪಾಲಿಶ್ ಹಾಕಿದ್ದಂತೂ ದೊಡ್ಡ ತಪ್ಪು. ಮೇಣದ ಮೇಲೆ ಅಂಟು ಕೂರುವುದಿಲ್ಲ ಅಲ್ವಾ, ಅಂಚು ಎದ್ದಿದ್ದು ಅದಕ್ಕೇ.

ಕೊನೆಗೆ ಕೈಹಿಡಿದದ್ದು ಸೋಪುನೀರು. ನೆರಳಲ್ಲಿ, ಟ್ಯಾಂಕ್ ತಣ್ಣಗಿರುವಾಗ ಮಾಡಿ. ತೊಳೆದು ಒಣಗಿಸಿ, ಐಸೋಪ್ರೊಪೈಲ್ ಆಲ್ಕೋಹಾಲಿನಿಂದ (ಜಿಡ್ಡು ತೆಗೆಯುವ ಸ್ಪಿರಿಟ್) ಒರೆಸಿ. ಅರ್ಧ ಲೀಟರ್ ನೀರಿಗೆ ಬೇಬಿ ಶಾಂಪೂ 2-3 ಹನಿ ಸಾಕು, ಜಾಸ್ತಿಯಾದರೆ ಅಂಟು ಹಿಡಿಯುವುದಿಲ್ಲ. ಇದನ್ನು ಟ್ಯಾಂಕಿಗೂ ಸ್ಟಿಕರಿನ ಅಂಟಿನ ಬದಿಗೂ ಸ್ಪ್ರೇ ಮಾಡಿ. ಈಗ ಸ್ಟಿಕರ್ ಜಾರುತ್ತದೆ, ಆರಾಮಾಗಿ ಜಾಗ ಸರಿಮಾಡಿಕೊಳ್ಳಬಹುದು. ಹಳೇ ಎಟಿಎಂ ಕಾರ್ಡಿಗೆ ಮೆತ್ತನೆ ಬಟ್ಟೆ ಸುತ್ತಿ, ನಡುವಿನಿಂದ ಅಂಚಿನ ಕಡೆಗೆ ನೀರು ತಳ್ಳಿ. ಅಂಚಿನಿಂದ ಶುರು ಮಾಡಿದರೆ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ. ಸ್ಟಿಕರಿನ ಮೇಲೆ ಅದನ್ನು ಹಿಡಿದಿಡುವ ಟೇಪ್ (ಟ್ರಾನ್ಸ್‌ಫರ್ ಟೇಪ್) ಇದ್ದರೆ ಅರ್ಧ ಗಂಟೆ ಬಿಟ್ಟು, ಆ ಟೇಪನ್ನು ಪೂರ್ತಿ ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆಯಿರಿ. ಬಾಗಿದ ಕಡೆ ಮಾತ್ರ ಹೇರ್ ಡ್ರೈಯರ್ ಹಿಡಿದು, ಮೆತ್ತಗಾದಾಗ ಒತ್ತಿ. 24 ಗಂಟೆ ಗಾಡಿ ತೊಳೆಯಬೇಡಿ.

ಹಿಂಬದಿಯಲ್ಲಿ ಗಾಳಿ ಹೋಗಲು ಸಣ್ಣ ಗೀರುಗಳಿರುವ ವಿನೈಲ್ ಆದರೆ ನೀರು ಬೇಡ, ಒಣಗಿದ್ದಂತೆಯೇ ಅಂಟಿಸಿ.