ರೇಷ್ಮೆಗೆ ಬಣ್ಣ ಹಾಕಿದ ನೀರನ್ನು ನ್ಯಾನೋ ನಾರಿನಿಂದ ತಿಳಿಗೊಳಿಸುವ ಕ್ರಮ

ವರ್ಷವಿಡೀ ಹರಿಯುವ ನದಿಯೇ ಇಲ್ಲದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಬಣ್ಣದ ನೀರನ್ನು ಚರಂಡಿಗೆ ಬಿಡುವುದೆಂದರೆ ಕೆರೆಗೂ ಅಂತರ್ಜಲಕ್ಕೂ ಬಿಟ್ಟಂತೆಯೇ. ರೇಷ್ಮೆ ನೂಲಿಗೆ ಬಳಸುವ ಆ್ಯಸಿಡ್ ಬಣ್ಣಗಳು ನೀರಿನಲ್ಲಿ ಋಣ ವಿದ್ಯುದಂಶ ಪಡೆಯುವುದರಿಂದ, ಆಮ್ಲೀಯ ನೀರಿನಲ್ಲಿ ಧನ ವಿದ್ಯುದಂಶ ಪಡೆಯುವ ಕೈಟೋಸಾನ್ (ಸಿಗಡಿ, ಏಡಿಗಳ ಚಿಪ್ಪಿನಿಂದ ತಯಾರಿಸುವ ಪದಾರ್ಥ) ನ್ಯಾನೋ ನಾರಿನ, ಅಂದರೆ ಕೂದಲಿಗಿಂತ ಬಹಳ ತೆಳುವಾದ ಎಳೆಗಳ, ಹಾಳೆ ಅವುಗಳನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಆದರೆ ಅದೇ ಆಮ್ಲದಲ್ಲಿ ಕೈಟೋಸಾನ್ ಕರಗಿಯೂ ಹೋಗುತ್ತದೆ. ಆದ್ದರಿಂದ ಗ್ಲುಟರಾಲ್ಡಿಹೈಡ್‌ನಂಥ ರಾಸಾಯನಿಕದಿಂದ ಎಳೆಗಳನ್ನು ಪರಸ್ಪರ ಬೆಸೆದಿರುವ ಹಾಳೆಯನ್ನೇ ಆರಿಸಬೇಕು.

ಶಿಡ್ಲಘಟ್ಟದ ಬಣ್ಣದ ಮನೆಯಿಂದ ನೀರು ತಂದಿದ್ದೀರಿ ಎಂದುಕೊಳ್ಳೋಣ. ಮೊದಲು ಅದನ್ನು ತಣ್ಣಗಾಗಲು ಬಿಟ್ಟು, ನೂಲಿನ ಚೂರು ಮತ್ತು ಅಂಟು ಹೋಗುವಂತೆ ಬಟ್ಟೆಯಲ್ಲಿಯೂ ಮರಳಿನಲ್ಲಿಯೂ ಸೋಸಿ, ಆಮ್ಲೀಯತೆಯನ್ನು ತೋರಿಸುವ ಪಿಎಚ್ ಮೌಲ್ಯವನ್ನು 4ರಿಂದ 5ರೊಳಗೆ ತನ್ನಿ. ಈ ಸೋಸುವಿಕೆಯನ್ನು ಬಿಟ್ಟರೆ ಹಾಳೆಯ ರಂಧ್ರಗಳು ಬೇಗ ಕಟ್ಟಿಕೊಳ್ಳುತ್ತವೆ.

100 ಮಿಲಿಲೀಟರ್ ನೀರಿಗೆ 50 ಮಿಲಿಗ್ರಾಂ ಹಾಳೆ ಹಾಕಿ ಅಲುಗಾಡಿಸುತ್ತಾ, 15 ನಿಮಿಷಕ್ಕೊಮ್ಮೆ ಸ್ವಲ್ಪ ನೀರು ತೆಗೆದು, ಅದರಲ್ಲಿ ಉಳಿದ ಬಣ್ಣವನ್ನು ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ (ಬೆಳಕು ಹಾಯಿಸಿ ಬಣ್ಣದ ಪ್ರಮಾಣ ತಿಳಿಸುವ ಉಪಕರಣ) ಅಳೆಯಿರಿ. ಕಣ್ಣಂದಾಜನ್ನು ನಂಬಬೇಡಿ. ಲೀಟರಿಗೆ 50 ಮಿಲಿಗ್ರಾಂ ಇದ್ದ ಬಣ್ಣ 10ಕ್ಕೆ ಇಳಿದು ಅಲ್ಲಿಯೇ ನಿಂತರೆ, ಹಾಳೆ 4 ಮಿಲಿಗ್ರಾಂ, ಅಂದರೆ ಗ್ರಾಂಗೆ 80 ಮಿಲಿಗ್ರಾಂ ಬಣ್ಣ ಹೀರಿದೆ ಎಂದರ್ಥ. ಉಪ್ಪು ಹೆಚ್ಚಿರುವ ನೀರಿನಲ್ಲಿ ಈ ಸಾಮರ್ಥ್ಯ ಕುಗ್ಗುವುದರಿಂದ, ಪ್ರಯೋಗಾಲಯದಲ್ಲಿ ಬೆರೆಸಿದ ಬಣ್ಣದ ಮೇಲಲ್ಲ, ನಿಜವಾದ ತ್ಯಾಜ್ಯದ ಮೇಲೆಯೇ ಪರೀಕ್ಷಿಸಬೇಕು.

ಬಳಸಿದ ಹಾಳೆಯನ್ನು ತೆಳು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸಿದರೆ ಬಣ್ಣ ಬಿಡುತ್ತದೆ. ಚೆನ್ನಾಗಿ ತೊಳೆದು ಮತ್ತೆ ಬಳಸಬಹುದು. ಹಾಗೆ ಹೊರಬಂದ ಗಾಢ ದ್ರಾವಣವನ್ನು ಮಾತ್ರ ಯಾವ ಕಾರಣಕ್ಕೂ ಚರಂಡಿಗೆ ಸುರಿಯದೆ, ಬೇರೆ ಡ್ರಮ್ಮಿನಲ್ಲಿ ಕೂಡಿಟ್ಟು ಅಪಾಯಕಾರಿ ತ್ಯಾಜ್ಯದ ವಿಲೇವಾರಿಗೆ ಕಳುಹಿಸಬೇಕು.