ಹಳೇ ಬೆಳ್ಳಿ ರೂಪಾಯಿಗೆ ಬಿಡ್ ಹಾಕುವ ಮೊದಲು

ಆನ್‌ಲೈನ್ ಹರಾಜಿನಲ್ಲಿ ವಿಕ್ಟೋರಿಯಾ, ಜಾರ್ಜ್ ರೂಪಾಯಿ ಕಂಡರೆ ನಕಲಿಯೋ ಅಸಲಿ ಬೆಳ್ಳಿಯೋ ಅಂತ ತಿಳಿಯೋಕೆ ಮಾರುವವರ ಹತ್ತಿರ ಎರಡು ತೂಕದ ವಿಡಿಯೊ ಕೇಳಿ. ಸುಮ್ನೆ ತೂಗಿದರೆ 11.66 ಗ್ರಾಂ ಆಸುಪಾಸು ಇರಬೇಕು. ಆಮೇಲೆ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು, ಸೊನ್ನೆ ಮಾಡಿ, ನಾಣ್ಯವನ್ನು ದಾರದಲ್ಲಿ ತಳ ತಾಗದ ಹಾಗೆ ಮುಳುಗಿಸಲಿ. 1.13 ಹತ್ತಿರ ತೋರಿಸಬೇಕು. ಅದು ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಹಿತ್ತಾಳೆಗೆ ಅಷ್ಟೇ ತೂಕಕ್ಕೆ ಜಾಗ ಜಾಸ್ತಿ ಬೇಕು, 1.3 ದಾಟುತ್ತದೆ. 1940ರಿಂದ ಈಚಿನದಕ್ಕೆ ಈ ಲೆಕ್ಕ ಬೇಡ, ಅದರಲ್ಲಿ ಬೆಳ್ಳಿ ಅರ್ಧವೇ. ನಮ್ಮ ಮಲೆನಾಡಿನ ಅಜ್ಜಿಯರ ಸರದಿಂದ ಬಿಚ್ಚಿದ, ಕೊಂಡಿ ಬೆಸೆದ ನಾಣ್ಯಕ್ಕೂ ಬೇಡ. 1938ನ್ನು ತಿದ್ದಿ ಅಪರೂಪದ 1939 ಮಾಡಿದ್ದರೆ ಅದು ಬೆಳ್ಳಿಯೇ ಅಲ್ವಾ, ಆರಾಮಾಗಿ ಪಾಸಾಗುತ್ತದೆ. ಅಲ್ಲಿ ಇಸವಿಯ ಕೊನೇ ಅಂಕಿಯನ್ನು ದೊಡ್ಡದು ಮಾಡಿ ನೋಡಬೇಕು.