ಹಳೆಯ ಬಾಕ್ಸಿಂಗ್ ಪಂದ್ಯಗಳಿಗೆ ನಾನೂ ಒಬ್ಬ ಜಡ್ಜ್

ಭಾನುವಾರ ಬೆಳಿಗ್ಗೆ ಮನೆಯವರು ಏಳುವ ಮೊದಲು ನಾನು ಒಂದು ಹಳೆಯ ಹೆವಿವೇಟ್ ಪಂದ್ಯ ನೋಡುತ್ತೇನೆ. ಪೂರ್ತಿ ನೋಡುತ್ತೇನೆ. 15 ರೌಂಡ್ ಇದ್ದರೆ 15ನ್ನೂ. ಟಿವಿಯ ಸೌಂಡ್ ಬಂದ್. ಪಕ್ಕದಲ್ಲಿ ನೋಟ್‌ಬುಕ್, ಪೆನ್ಸಿಲ್.

ಮೊದಲು ಹೀಗಿರಲಿಲ್ಲ. ಮೊಬೈಲಿನಲ್ಲಿ ಎರಡು-ಮೂರು ನಿಮಿಷದ ತುಣುಕು ನೋಡುತ್ತಿದ್ದೆ. ಒಬ್ಬ ಹೊಡೆದ, ಇನ್ನೊಬ್ಬ ಬಿದ್ದ, ಮುಗೀತು. ರುಚಿ ಹತ್ತಲಿಲ್ಲ, ಬಿಟ್ಟುಬಿಟ್ಟಿದ್ದೆ. ಆಮೇಲೊಮ್ಮೆ ದೊಡ್ಡಪ್ಪ ಮನೆಗೆ ಬಂದಿದ್ದರು. ಅವರು ಹರೆಯದಲ್ಲಿ ಮೈಸೂರಿನ ಗರಡಿಯಲ್ಲಿ ಸಾಮು ಮಾಡಿದವರು. ಅಲಿ-ಫೋರ್‌ಮನ್ ಪಂದ್ಯ ಹಾಕಿದ್ದೆ. ಸ್ವಲ್ಪ ಹೊತ್ತು ನೋಡಿ, "ಬರೀ ಕೈ ಯಾಕೋ ನೋಡ್ತೀಯ? ಕಾಲು ನೋಡು. ಕಾಲು ಸೋತ ಮೇಲೇನೇ ಮನುಷ್ಯ ಬೀಳೋದು" ಅಂದರು. ಬಾಕ್ಸಿಂಗ್ ಅವರಿಗೆ ಗೊತ್ತೇ ಇರಲಿಲ್ಲ. ಆದರೆ ಮೈಯ ಭಾರ ಯಾವ ಕಾಲಿನ ಮೇಲಿದೆ ಅನ್ನುವುದು ಪೈಲ್ವಾನರ ಕಣ್ಣಿಗೆ ತಕ್ಷಣ ಬೀಳುತ್ತದೆ.

ಆ ಪಂದ್ಯವನ್ನೇ ಮತ್ತೆ ಮೂರು ಸಲ ನೋಡಿದೆ. 1974ರ ಅಕ್ಟೋಬರ್ 30, ಆಗಿನ ಜೈರ್, ಈಗಿನ ಕಾಂಗೋ ದೇಶದ ಕಿನ್ಶಾಸಾ. ಅಮೆರಿಕದ ಪ್ರೇಕ್ಷಕರಿಗೆ ಅನುಕೂಲವಾಗಲಿ ಅಂತ ಅಲ್ಲಿ ಬೆಳಗಿನ ಜಾವ 4 ಗಂಟೆಗೆ ಪಂದ್ಯ. ಜಾರ್ಜ್ ಫೋರ್‌ಮನ್‌ಗೆ 25 ವರ್ಷ. ಆಡಿದ 40 ಪಂದ್ಯವನ್ನೂ ಗೆದ್ದವನು, ಅದರಲ್ಲಿ 37 ನಾಕ್‌ಔಟ್. ಮುಹಮ್ಮದ್ ಅಲಿಗೆ 32. ಅಲಿ ಹಗ್ಗಕ್ಕೆ ಒರಗಿ ಏಟು ತಿಂದ, ಫೋರ್‌ಮನ್ ಸುಸ್ತಾದ, 8ನೇ ರೌಂಡ್‌ನಲ್ಲಿ ಬಿದ್ದ. ಎಲ್ಲರೂ ಹೇಳುವ ಕಥೆ ಇಷ್ಟೇ. ನಾನೂ ಇಷ್ಟೇ ಅಂದುಕೊಂಡಿದ್ದೆ.

ಆದರೆ ಮೊದಲನೇ ರೌಂಡ್‌ನಲ್ಲಿ ಅಲಿ ಮಾಡಿದ್ದೇ ಬೇರೆ. ಗಂಟೆ ಹೊಡೆದ ಕೂಡಲೇ ಮುಂದೆ ಹೋಗಿ ನೇರವಾಗಿ ಬಲಗೈಯಲ್ಲಿ ಹೊಡೆದ. ಒಂದಲ್ಲ, ಮೇಲಿಂದ ಮೇಲೆ. ಎಡಗೈ ಮುಂದಿಟ್ಟು ನಿಲ್ಲುವವನಿಗೆ ಬಲಗೈ ಹಿಂದಿರುತ್ತದೆ. ಅದು ಎದುರಾಳಿಯ ಮುಖ ತಲುಪಲು ಜಾಸ್ತಿ ದೂರ ಹೋಗಬೇಕು. ಅಷ್ಟರಲ್ಲಿ ಅವನು ತಿರುಗಿಸಿ ಹೊಡೆಯಬಹುದು. ಹಾಗಾಗಿ ಜ್ಯಾಬ್ (ಮುಂದಿನ ಕೈಯಿಂದ ಬಿಡುವ ಚುರುಕು ನೇರ ಏಟು) ಇಲ್ಲದೆ ಮೊದಲೇ ಬಲಗೈ ಬಿಡುವ ಧೈರ್ಯವನ್ನು, ಅದೂ ಫೋರ್‌ಮನ್ ಎದುರು, ಯಾರೂ ಮಾಡುವುದಿಲ್ಲ. ಅಲಿ ಮಾಡಿದ. ಏಟು ಕೂತಿತು. ಫೋರ್‌ಮನ್ ಮಾತ್ರ ಅಲ್ಲಾಡಲಿಲ್ಲ. ಎರಡನೇ ರೌಂಡ್‌ನಲ್ಲಿ ಅಲಿ ಹಗ್ಗಕ್ಕೆ ಹೋದ.

ಹಗ್ಗದ ಮೇಲೆ ಅವನು ಸುಮ್ನೆ ಏಟು ತಿನ್ನುತ್ತಾ ನಿಂತಿರಲಿಲ್ಲ. ಸೊಂಟದಿಂದ ಮೇಲೆ ಹಿಂದಕ್ಕೆ ಬಾಗಿದ್ದಾನೆ, ತಲೆ ಫೋರ್‌ಮನ್ ಕೈಗೆ ಎಟುಕುವುದಿಲ್ಲ. ಮೊಣಕೈ ಎರಡೂ ಪಕ್ಕೆಗೆ ಅಂಟಿವೆ. ಫೋರ್‌ಮನ್ ಹತ್ತಿರ ಬಂದರೆ ಅವನ ಕತ್ತಿನ ಹಿಂದೆ ಕೈ ಹಾಕಿ ತಲೆ ಕೆಳಗೆ ಒತ್ತುತ್ತಾನೆ. ಅಷ್ಟು ದೊಡ್ಡ ಆಳು ಪ್ರತಿ ಸಲ ಆ ಭಾರ ಹೊತ್ತೇ ತಲೆ ಎತ್ತಬೇಕು. ನಡುವೆ ಸಂದು ಸಿಕ್ಕಿತೋ, ಮುಖಕ್ಕೆ ಎರಡು ನೇರ ಪಂಚ್. ದೊಡ್ಡಪ್ಪ ಹೇಳಿದಂತೆ ಫೋರ್‌ಮನ್ ಕಾಲು ನೋಡುತ್ತಾ ಹೋದೆ. ಮೊದಲು ಪಾದ ಊರಿ ಹೊಡೆಯುತ್ತಿದ್ದವನು, ನಡುವಿನ ರೌಂಡ್‌ಗಳ ಹೊತ್ತಿಗೆ ಕೈ ಬೀಸಿದ ಕಡೆಗೇ ಮೈಯೆಲ್ಲ ವಾಲುತ್ತಿದ್ದ. 8ನೇ ರೌಂಡ್‌ನ ಕೊನೆಗೆ ಅಲಿಯ ಎಡ ಹುಕ್ (ಮಡಚಿದ ಕೈಯನ್ನು ಪಕ್ಕದಿಂದ ಬೀಸುವ ಏಟು) ಅವನ ಮುಖವನ್ನು ಮೇಲೆತ್ತಿತು, ಹಿಂದೆಯೇ ಬಲಗೈ ಬಂತು. ಫೋರ್‌ಮನ್ ಅರ್ಧ ಸುತ್ತು ತಿರುಗುತ್ತಾ ಬೀಳುವಾಗ ಅಲಿಯ ಬಲಗೈ ಇನ್ನೊಂದು ಏಟಿಗೆ ಸಿದ್ಧವಾಗಿದೆ. ಆದರೆ ಬಿಡಲಿಲ್ಲ. ಬೀಳುವವನನ್ನು ನೋಡುತ್ತಾ ಕೈ ಹಾಗೇ ಹಿಡಿದುಕೊಂಡ. ಆ ಒಂದು ಕ್ಷಣಕ್ಕಾಗಿ ನಾನು ಈ ಪಂದ್ಯವನ್ನು ಎಷ್ಟು ಸಲ ಬೇಕಾದರೂ ನೋಡುತ್ತೇನೆ.

ಅಲ್ಲಿಂದ ನನಗೊಂದು ಕ್ರಮ ಸಿಕ್ಕಿತು. ಮೊದಲ ಸಲ ಒಬ್ಬನನ್ನು ಮಾತ್ರ ನೋಡುವುದು. ಎರಡನೇ ಸಲ ಇನ್ನೊಬ್ಬನನ್ನು. ಜೋ ಫ್ರೇಜಿಯರ್‌ನನ್ನು ಹೀಗೆ ಒಂಟಿಯಾಗಿ ನೋಡಿದಾಗಲೇ ಅವನು ನನಗೆ ಅರ್ಥವಾಗಿದ್ದು. ಹೆವಿವೇಟ್ ಲೆಕ್ಕದಲ್ಲಿ ಕುಳ್ಳ. ತಲೆಯನ್ನು ಎಡಕ್ಕೆ ಬಲಕ್ಕೆ ತೂಗುತ್ತಾ, ಬಗ್ಗುತ್ತಾ, ಏಳುತ್ತಾ ಎದುರಾಳಿಯ ಎದೆಯ ಹತ್ತಿರಕ್ಕೇ ಬರುತ್ತಾನೆ. ಚಿಕ್ಕಂದಿನಲ್ಲಿ ಸೌತ್ ಕ್ಯಾರೊಲೈನಾದ ತೋಟದಲ್ಲಿ ಹಂದಿ ಅಟ್ಟಿಸಿಕೊಂಡು ಬಂದಾಗ ಬಿದ್ದು ಎಡಗೈಗೆ ಏಟಾಗಿತ್ತಂತೆ. ಆ ಕೈ ಮುಂದೆಂದೂ ಪೂರ್ತಿ ನೆಟ್ಟಗಾಗಲಿಲ್ಲ. ಮಡಚಿಕೊಂಡೇ ಉಳಿದ ಆ ಕೈಯೇ ಜಗತ್ತು ಹೆದರಿದ ಎಡ ಹುಕ್ ಆಯಿತು. 1971ರ ಮಾರ್ಚ್ 8ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಫ್ರೇಜಿಯರ್ ಮತ್ತು ಅಲಿ, ಇಬ್ಬರೂ ಸೋಲೇ ಕಾಣದವರು, 15ನೇ ರೌಂಡ್. ಫ್ರೇಜಿಯರ್ ಬಗ್ಗಿ ಮೇಲೇಳುತ್ತಲೇ ಆ ಹುಕ್ ಬಿಟ್ಟ. ಅಲಿ ಅಂಗಾತ ಬಿದ್ದ, ಶೂಗೆ ಕಟ್ಟಿದ ಕೆಂಪು ಕುಚ್ಚುಗಳು ಮೇಲೆ ಹಾರಿದವು. ನಿಧಾನವಾಗಿ ಮುಂದೆ ಬಿಟ್ಟು ನೋಡಿದರೆ ಹುಕ್ಕಿನ ಬಲವೆಲ್ಲ ತೊಡೆಯಿಂದ ಏಳುವುದು ಕಾಣುತ್ತದೆ. ಇಷ್ಟಾಗಿಯೂ ಅಲಿ ಎದ್ದು ನಿಂತ, ರೌಂಡ್ ಮುಗಿಸಿದ. ಏಟಿನಷ್ಟೇ ಆ ಏಳುವಿಕೆಯೂ ದೊಡ್ಡದು, ಅಲ್ವಾ?

ರೌಂಡ್‌ಗಳ ನಡುವಿನ ಒಂದು ನಿಮಿಷವನ್ನೂ ಓಡಿಸಿಬಿಡಬೇಡಿ. 1975ರ ಅಕ್ಟೋಬರ್ 1ರ ಅಲಿ-ಫ್ರೇಜಿಯರ್ ಮನಿಲಾ ಪಂದ್ಯ ಮುಗಿದಿದ್ದೇ ಆ ನಿಮಿಷದಲ್ಲಿ. ಕಾದ ಹಂಚಿನಂಥ ಸೆಕೆ. 14 ರೌಂಡ್ ಆದ ಮೇಲೆ ಫ್ರೇಜಿಯರ್ ಕಣ್ಣು ಊದಿಕೊಂಡು ಎದುರಿನಿಂದ ಬರುವ ಪಂಚ್ ಕಾಣುತ್ತಿರಲಿಲ್ಲ. ಅವನು ಇನ್ನೂ ಆಡುತ್ತೇನೆ ಅನ್ನುತ್ತಿದ್ದ. ಗುರು ಎಡ್ಡಿ ಫಚ್ ಬಿಡಲಿಲ್ಲ, ಅಲ್ಲಿಗೇ ನಿಲ್ಲಿಸಿದರು. ಬಾಕಿ ಇದ್ದದ್ದು ಮೂರೇ ನಿಮಿಷ. ನನ್ನ ಕಣ್ಣಲ್ಲಿ ಆ ಇಡೀ ಕಾಲದ ಅತ್ಯಂತ ಧೈರ್ಯದ ಕೆಲಸ ಅದು.

ಮೂರನೇ ಸಲ ನೋಡುವಾಗ ಪೆನ್ಸಿಲ್ ಹಿಡಿಯುತ್ತೇನೆ. ರೌಂಡ್ ಗೆದ್ದವನಿಗೆ 10, ಸೋತವನಿಗೆ 9, ಒಮ್ಮೆ ಬಿದ್ದರೆ ಸಾಮಾನ್ಯವಾಗಿ 8. ಗಂಟೆಯಾದ ತಕ್ಷಣ ಬರೆಯಬೇಕು, ಆಮೇಲೆ ತಿದ್ದುವ ಹಾಗಿಲ್ಲ. ಶುರುವಿನಲ್ಲಿ ಯಾರು ಮುಂದೆ ನುಗ್ಗುತ್ತಾರೋ ಅವರಿಗೇ ರೌಂಡ್ ಕೊಟ್ಟುಬಿಡುತ್ತಿದ್ದೆ. ಗ್ಲೌಸಿಗೆ ಬಿದ್ದ ಪಂಚ್ ಯಾವುದು, ಮುಖಕ್ಕೆ ಬಿದ್ದದ್ದು ಯಾವುದು ಅಂತ ಬೇರೆ ಮಾಡಲು ಬಹಳ ದಿನ ಹಿಡಿಯಿತು. ಸೌಂಡ್ ಬಂದ್ ಮಾಡಿದ್ದೂ ಅದಕ್ಕೇ. ಜನ ಕೂಗಿದರೆ ತಪ್ಪಿದ ಏಟೂ ತಾಗಿದ ಹಾಗೆ ಕಾಣುತ್ತದೆ.

ಈ ಲೆಕ್ಕದ ಸುಖ ಪೂರ್ತಿ ಸಿಕ್ಕಿದ್ದು 1978ರ ಜೂನ್ 9ರ ಪಂದ್ಯದಲ್ಲಿ. ಲಾಸ್ ವೇಗಸ್, ಲ್ಯಾರಿ ಹೋಮ್ಸ್ ಮತ್ತು ಕೆನ್ ನಾರ್ಟನ್. ಹೋಮ್ಸ್‌ನ ಎಡಗೈ ಜ್ಯಾಬ್ ಹೊಲಿಗೆ ಮಷಿನ್ನಿನ ಸೂಜಿಯ ಹಾಗೆ, ಹೋಯಿತು ಬಂತು, ಹೋಯಿತು ಬಂತು. ಅದೂ ಪಂದ್ಯಕ್ಕೆ ಕೆಲವೇ ದಿನ ಮುಂಚೆ ನೋವು ಮಾಡಿಕೊಂಡಿದ್ದ ಕೈಯಲ್ಲಿ. ಮೊದಲರ್ಧ ಅವನದೇ. ಆಮೇಲೆ ನಾರ್ಟನ್ ತೋಳುಗಳನ್ನು ಮುಖದ ಮುಂದೆ ಅಡ್ಡಡ್ಡ ಹಿಡಿದು ಒಳಗೆ ನುಗ್ಗತೊಡಗಿದ, ಪಕ್ಕೆಗೆ ಹೊಡೆದ, ಒಂದೊಂದೇ ರೌಂಡ್ ವಾಪಸ್ ಕಿತ್ತುಕೊಂಡ. 14 ರೌಂಡ್ ಮುಗಿದಾಗ ಮೂವರು ಜಡ್ಜ್‌ಗಳ ಕಾರ್ಡೂ ಸಮಸಮ. ಕೊನೆಯ ಮೂರು ನಿಮಿಷ ಇಬ್ಬರೂ ರಿಂಗ್ ನಡುವೆ ನಿಂತು ಹೊಡೆದಾಡಿದರು. ಒಬ್ಬ ಏಟು ತಿಂದು ತೂರಾಡುತ್ತಾನೆ, ಮರುಕ್ಷಣ ಅವನೇ ಇನ್ನೊಬ್ಬನನ್ನು ತೂರಾಡಿಸುತ್ತಾನೆ. ಇಬ್ಬರು ಜಡ್ಜ್‌ಗಳು 143-142 ಅಂತ ಹೋಮ್ಸ್‌ಗೆ ಕೊಟ್ಟರು, ಒಬ್ಬರು ಅದೇ 143-142 ನಾರ್ಟನ್‌ಗೆ. ಅಂದರೆ 8 ರೌಂಡ್, 7 ರೌಂಡ್. ಆ ಕೊನೆಯ ರೌಂಡೇ ಪಟ್ಟ ತೀರ್ಮಾನಿಸಿತು.

ನನ್ನ ನೋಟ್‌ಬುಕ್ಕಿನಲ್ಲಿ ಈ ಪಂದ್ಯ ಎರಡು ಕಡೆ ಇದೆ. ಮೊದಲ ಸಲ 15ನೇ ರೌಂಡ್ ನಾರ್ಟನ್‌ಗೆ ಬರೆದಿದ್ದೇನೆ. ಎಂಟು ತಿಂಗಳ ನಂತರ ಹೋಮ್ಸ್‌ಗೆ. ಬರುವ ಭಾನುವಾರ ಮತ್ತೆ ಹಾಕುತ್ತೇನೆ, ಹಳೆಯ ಪುಟ ತೆಗೆಯದೆ.